ಆಟ ನಿಂತಾಗ ಶುರುವಾಗುವ ಮಾತು

ಪ್ರಶ್ನೆ: ಸಿಡ್ನಿ ಒಲಿಂಪಿಕ್ಸ್ ಕಾಲದ ಒಂದು ಹಳೇ ವಿಡಿಯೋ ನೋಡಿದೆ. ರಾಯ್ ಮತ್ತು ಎಚ್.ಜಿ. ಅನ್ನೋ ಇಬ್ಬರು ಜಿಮ್ನಾಸ್ಟಿಕ್ಸ್‌ಗೆ ಕಾಮೆಂಟರಿ ಹೇಳುತ್ತಿದ್ದರು. ಅರ್ಧ ಮಾತು ಅರ್ಥವಾಗಲಿಲ್ಲ, ಆದರೂ ನಕ್ಕು ನಕ್ಕು ಸಾಕಾಯಿತು. ಇವರು ಯಾರು? ಆಟವನ್ನು ಗೇಲಿ ಮಾಡುವವರು ಯಾವಾಗಲೂ ಜೋಡಿಯಾಗಿಯೇ ಯಾಕೆ ಇರುತ್ತಾರೆ? ನಾನೂ ನನ್ನ ಗೆಳೆಯನೂ ಇಂಥದೇ ಒಂದು ಆಡಿಯೋ ಕಾರ್ಯಕ್ರಮ ಮಾಡಬೇಕು ಅಂದುಕೊಂಡಿದ್ದೇವೆ. ಎಲ್ಲಿಂದ ಶುರು ಮಾಡೋದು?

ಉತ್ತರ: ಕೊನೆಯ ಪ್ರಶ್ನೆಗೆ ಅರ್ಧ ಉತ್ತರ ಈಗಲೇ ಕೊಟ್ಟುಬಿಡುತ್ತೇನೆ. ಆಟ ನಿಂತಿರುವ ಹೊತ್ತಿನಿಂದ ಶುರು ಮಾಡಿ. ಯಾಕೆ ಅಂತ ಹೇಳೋಕೆ ಸ್ವಲ್ಪ ಸುತ್ತಿ ಬರಬೇಕು.

ನೀವು ನೋಡಿದ್ದು 2000ದಲ್ಲಿ ಆಸ್ಟ್ರೇಲಿಯಾದ ಸೆವೆನ್ ನೆಟ್‌ವರ್ಕ್‌ನಲ್ಲಿ ಬಂದ 'ದಿ ಡ್ರೀಮ್' ಕಾರ್ಯಕ್ರಮ. ರಾತ್ರಿ ತಡವಾಗಿ ಇಬ್ಬರು ಮೇಜಿನ ಹಿಂದೆ ಕೂತು ಅವತ್ತಿನ ಒಲಿಂಪಿಕ್ಸ್ ಬಗ್ಗೆ ಮಾತಾಡುತ್ತಿದ್ದರು. 'ರ‍್ಯಾಂಪೇಜಿಂಗ್' ರಾಯ್ ಸ್ಲೇವನ್ ಅನ್ನೋರು ನಿಜದಲ್ಲಿ ಜಾನ್ ಡಾಯ್ಲ್. ಎಚ್.ಜಿ. ನೆಲ್ಸನ್ ಅನ್ನೋರು ಗ್ರೆಗ್ ಪಿಕ್‌ಹೇವರ್. ಡಾಯ್ಲ್ ಮೊದಲು ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ಆಮೇಲೆ ನಟನೆಗೆ ಬಂದವರು. ಇಬ್ಬರೂ ಸೇರಿ 1986ರಲ್ಲಿ ಟ್ರಿಪಲ್ ಜೆ ರೇಡಿಯೋದಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದರು. ಅದು 2008ರವರೆಗೆ ನಡೆಯಿತು. ವಾರದ ಕೊನೆಯಲ್ಲಿ ಗಂಟೆಗಟ್ಟಲೆ, ಆಟದ ಬಗ್ಗೆ ಬರೀ ಮಾತು. ಅಂದರೆ ಒಲಿಂಪಿಕ್ಸ್ ಬರುವ ಹೊತ್ತಿಗೆ ಅವರಿಗೆ 14 ವರ್ಷದ ಅಭ್ಯಾಸ ಇತ್ತು. ನಿಮಗೆ ಕಂಡ ಆ ಸಲೀಸು ಒಂದೇ ರಾತ್ರಿಯಲ್ಲಿ ಬಂದದ್ದಲ್ಲ.

ಈಗ ಜಿಮ್ನಾಸ್ಟಿಕ್ಸ್ ವಿಷಯ. ನಿಮಗೆ ಅರ್ಥವಾಗದ ಅರ್ಧ ಮಾತು ಬಹುಶಃ ಪಟ್ಟುಗಳ ಹೆಸರು. ಜಿಮ್ನಾಸ್ಟ್ ಕಾಲು ಅಗಲಿಸಿ ಪ್ರೇಕ್ಷಕರ ಕಡೆ ತಿರುಗಿದರೆ ಅದು 'ಹಲೋ ಬಾಯ್ಸ್'. ಇನ್ನೊಂದು 'ಬ್ಯಾಟರ್ಡ್ ಸ್ಯಾವ್'. ಅದು ಹಿಟ್ಟಿನಲ್ಲಿ ಅದ್ದಿ ಕರಿದ ಸಾಸೇಜ್, ಆಸ್ಟ್ರೇಲಿಯಾದ ತಿಂಡಿ. ಜಿಮ್ನಾಸ್ಟಿಕ್ಸ್‌ನ ಬಿಗಿ ಉಡುಪು ನೋಡಿದವರಿಗೆ ಆ ಹೆಸರು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಪೋಲಿ ಜೋಕು ತಾನೇ ಅಂತ ತಳ್ಳಿಹಾಕಬಹುದು. ಪೋಲಿಯೇ. ಆದರೆ ಬರೀ ಪೋಲಿ ಆಗಿದ್ದರೆ ಎರಡು ನಿಮಿಷಕ್ಕೆ ಸಪ್ಪೆಯಾಗುತ್ತಿತ್ತು.

ಅದು ಸಪ್ಪೆಯಾಗದೇ ಇರೋಕೆ ಕಾರಣ ನಿಜವಾದ ಜಿಮ್ನಾಸ್ಟಿಕ್ಸ್‌ನಲ್ಲೇ ಇದೆ. ಅಲ್ಲಿ ಒಂದು ಹೊಸ ಪಟ್ಟನ್ನು ದೊಡ್ಡ ಸ್ಪರ್ಧೆಯಲ್ಲಿ ಮೊದಲು ಮಾಡಿ ತೋರಿಸಿದವರ ಹೆಸರನ್ನೇ ಆ ಪಟ್ಟಿಗೆ ಇಡುತ್ತಾರೆ. ಸುಕಾಹಾರಾ, ಯುರ್ಚೆಂಕೊ ಹೀಗೆ. ಮನೆಯಲ್ಲಿ ಕೂತು ನಾಲ್ಕು ವರ್ಷಕ್ಕೊಮ್ಮೆ ಜಿಮ್ನಾಸ್ಟಿಕ್ಸ್ ನೋಡುವ ನಮ್ಮಂಥವರಿಗೆ 'ಅದ್ಭುತವಾದ ಯುರ್ಚೆಂಕೊ' ಅಂದರೂ ಒಂದೇ, 'ಅದ್ಭುತವಾದ ಕರಿದ ಸಾಸೇಜ್' ಅಂದರೂ ಒಂದೇ. ಎರಡೂ ಗೊತ್ತಿಲ್ಲ. ಆದರೂ ಅರ್ಥವಾದವರ ಹಾಗೆ ತಲೆ ಆಡಿಸುತ್ತೇವೆ. ರಾಯ್ ಮತ್ತು ಎಚ್.ಜಿ. ಗೇಲಿ ಮಾಡಿದ್ದು ಆ ತಲೆ ಆಡಿಸುವಿಕೆಯನ್ನು. ಜಿಮ್ನಾಸ್ಟ್ ಸುಮ್ನೆ ತನ್ನ ಪಾಡಿಗೆ ಪಲ್ಟಿ ಹೊಡೆಯುತ್ತಿದ್ದ, ಅಷ್ಟೇ. ಅವರ ಗುರಿ ಇದ್ದದ್ದು ಪರಿಣತರ ದನಿಯ ಮೇಲೆ.

ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ನಿಮ್ಮ ಎರಡನೇ ಪ್ರಶ್ನೆಗೂ ಇದೇ ಕೀಲಿ. ಅಣಕದ ಜೋಡಿಗಳ ಬಂಡವಾಳ ಆಟವಲ್ಲ, ಆಟದ ಸುತ್ತಲಿನ ಮಾತು. ಆ ಮಾತು ಇಷ್ಟೊಂದು ಹುಟ್ಟೋದು ಯಾಕೆ? ಆಟದಲ್ಲಿ ಖಾಲಿ ಹೊತ್ತು ಬಹಳ ಇರೋದರಿಂದ. ಟೆಸ್ಟ್ ಕ್ರಿಕೆಟ್ ತಗೊಳ್ಳಿ. ದಿನಕ್ಕೆ 90 ಓವರ್, ಆರು ಗಂಟೆ. ಅದರಲ್ಲಿ ಚೆಂಡು ನಿಜಕ್ಕೂ ಓಡಾಡುವ ಸೆಕೆಂಡುಗಳನ್ನು ಒಟ್ಟು ಹಾಕಿ ನೋಡಿ. ಉಳಿದ ಹೊತ್ತೆಲ್ಲ ಬೌಲರ್ ಹಿಂದಕ್ಕೆ ನಡೆಯುತ್ತಾನೆ, ಬ್ಯಾಟ್ಸ್‌ಮನ್ ಗ್ಲೌಸ್ ಬಿಚ್ಚಿ ಹಾಕಿಕೊಳ್ಳುತ್ತಾನೆ, ಪಾರಿವಾಳ ಹಾರುತ್ತದೆ. ಕಾಮೆಂಟರಿಯವರು ಇದೆಲ್ಲವನ್ನೂ ಮಾತಿನಿಂದ ತುಂಬಬೇಕು. ರೇಡಿಯೋದಲ್ಲಂತೂ ಹತ್ತು ಸೆಕೆಂಡು ಸುಮ್ಮನಿದ್ದರೆ ಕೇಳುವವರು ಬ್ಯಾಟರಿ ಹೋಯಿತೇನೋ ಅಂತ ಡಬ್ಬಿ ತಟ್ಟುತ್ತಾರೆ. ಏನೂ ಆಗದೇ ಇರೋದನ್ನು ಏನೋ ಆಗುತ್ತಿದೆ ಅನ್ನುವ ದನಿಯಲ್ಲಿ ಹೇಳಬೇಕಾದ ಈ ಕೆಲಸ ಇದೆಯಲ್ಲ, ತಮಾಷೆಯ ಬೇರು ಅಲ್ಲಿದೆ.

ಅಮೆರಿಕದ ಬಾಬ್ ಎಲಿಯಟ್ ಮತ್ತು ರೇ ಗೋಲ್ಡಿಂಗ್ ಜೋಡಿ ಹುಟ್ಟಿದ್ದೇ ಇಂಥ ಖಾಲಿ ಹೊತ್ತಿನಲ್ಲಿ. 1946ರಲ್ಲಿ ಬಾಸ್ಟನ್‌ನ ಡಬ್ಲ್ಯೂಎಚ್‌ಡಿಎಚ್ ರೇಡಿಯೋದಲ್ಲಿ ಒಬ್ಬರು ಅನೌನ್ಸರ್, ಇನ್ನೊಬ್ಬರು ಸುದ್ದಿ ಓದುವವರು. ಬೇಸ್‌ಬಾಲ್ ಪ್ರಸಾರಕ್ಕೆ ಮುಂಚೆ ಒಂದಿಷ್ಟು ಹೊತ್ತು ತುಂಬಬೇಕಿತ್ತು. ಮಳೆ ಬಂದು ಆಟ ನಿಂತರೆ ಇನ್ನೂ ಜಾಸ್ತಿ ಹೊತ್ತು. ಇಬ್ಬರೂ ಬಾಯಿಗೆ ಬಂದದ್ದು ಮಾತಾಡತೊಡಗಿದರು. ಮುಂದೆ ನಾಲ್ಕು ದಶಕಕ್ಕೂ ಮೇಲೆ ಅದನ್ನೇ ಮಾಡಿದರು.

ಅವರ ಒಂದು ಪಾತ್ರ ಬಿಫ್ ಬರ್ನ್ಸ್, ಕ್ರೀಡಾ ವರದಿಗಾರ. ಕಾರ್ಯಕ್ರಮ ಮುಗಿಸುವಾಗ ಅವನು ಹೇಳೋದರ ಧಾಟಿ ಹೀಗೆ: ಇದು ಬಿಫ್ ಬರ್ನ್ಸ್, 'ಇದು ಬಿಫ್ ಬರ್ನ್ಸ್, ನಮಸ್ಕಾರ' ಎಂದು ಹೇಳುತ್ತಿದ್ದೇನೆ. ಮಾತಿನೊಳಗೆ ಮಾತು ಸಿಕ್ಕಿಹಾಕಿಕೊಂಡಿದೆ. ಎಷ್ಟೋ ವರ್ಷ ಒಂದೇ ವಾಕ್ಯ ಹೇಳಿ ಹೇಳಿ ಅದರ ಅರ್ಥ ಕಳಚಿ ಬಿದ್ದುಹೋದ ಮನುಷ್ಯ. ಇನ್ನೊಂದು ಪಾತ್ರ ವಾಲಿ ಬಲೂ ಅನ್ನೋ ವರದಿಗಾರ. ಅವನ ಮೈಕು ಯಾವಾಗಲೂ ಅರ್ಧ ಕ್ಷಣ ತಡವಾಗಿಯೇ ತೆರೆಯುತ್ತದೆ. ಹಾಗಾಗಿ ಅವನ ಹೆಸರು ನಮಗೆ 'ಲಿ ಬಲೂ' ಅಂತಲೇ ಕೇಳಿಸುತ್ತದೆ. ರೇಡಿಯೋ ಕೆಲಸ ಒಳಗಿನಿಂದ ಗೊತ್ತಿಲ್ಲದವರಿಗೆ ಈ ಜೋಕು ಹೊಳೆಯುತ್ತಲೇ ಇರಲಿಲ್ಲ. ಇದರಲ್ಲಿ ಬೈಗುಳ ಇಲ್ಲ, ದೊಡ್ಡ ಮಾತಿಲ್ಲ. ಒಂದು ಅಕ್ಷರ ಕತ್ತರಿಸಿದ್ದು, ಅಷ್ಟೇ.

ಇಬ್ಬರೇ ಯಾಕೆ? ಕಾಮೆಂಟರಿ ಕೋಣೆಯಲ್ಲೇ ಇಬ್ಬರಿರುತ್ತಾರೆ, ಅದಕ್ಕೆ. ಒಬ್ಬರು ಆಟ ಹೇಳುವವರು. ಇನ್ನೊಬ್ಬರು ಹಿಂದೆ ಆಡಿದವರು, 'ನಮ್ಮ ಕಾಲದಲ್ಲಿ' ಅನ್ನುವವರು. ಅಣಕ ಮಾಡುವವರು ಈ ಚೌಕಟ್ಟನ್ನು ಮುಟ್ಟೋದಿಲ್ಲ. ಒಳಗೆ ತುಂಬುವ ಸಾಮಾನು ಮಾತ್ರ ಬೇರೆ. ಎಚ್.ಜಿ. ಆಟ ಹೇಳುವವರು: ದೊಡ್ಡ ಗಂಟಲು, ಏದುಸಿರು, ಒಂದೊಂದು ಮಾತೂ ಜಗತ್ತಿನ ಕೊನೆಯ ಸುದ್ದಿ ಅನ್ನೋ ಹಾಗೆ. ರಾಯ್ ಮಾಜಿ ಆಟಗಾರ: ನಿಧಾನ ದನಿ, ಅವರು ಆಡದ ಆಟವಿಲ್ಲ, ಗೆಲ್ಲದ ಕಪ್ಪಿಲ್ಲ. ಲಿತ್‌ಗೋ ಅನ್ನೋ ಊರಿನವರು, ಅದು ಡಾಯ್ಲ್ ಅವರ ನಿಜವಾದ ಊರೂ ಹೌದು. 'ರೂಟಿಂಗ್ ಕಿಂಗ್' ಅನ್ನೋ ಕುದುರೆಯ ಬೆನ್ನ ಮೇಲೆ ಮಾಡಿದ ಸಾಹಸಗಳಿಗಂತೂ ಲೆಕ್ಕವಿಲ್ಲ. ಯಾವ ಆಟದ ಮಾತು ಬಂದರೂ ರಾಯ್ ಹತ್ತಿರ ಒಂದು ನೆನಪು ಸಿದ್ಧ. ಎಚ್.ಜಿ. ಅದನ್ನು ಒಂದು ಸಲವೂ ಅನುಮಾನಿಸೋದಿಲ್ಲ.

ಆ ಅನುಮಾನಿಸದೇ ಇರೋದು ಬಹಳ ಮುಖ್ಯ. ಸಾಮಾನ್ಯವಾಗಿ ಹಾಸ್ಯ ಜೋಡಿ ಅಂದರೆ ಒಬ್ಬ ಬುದ್ಧಿವಂತ, ಒಬ್ಬ ಪೆದ್ದ. ಅಬಟ್ ಮತ್ತು ಕಾಸ್ಟೆಲೊ ಅವರ ಪ್ರಸಿದ್ಧ ಬೇಸ್‌ಬಾಲ್ ಸಂಭಾಷಣೆ ಹಾಗೇ ಇದೆ. ಒಬ್ಬ ಆಟಗಾರನ ಹೆಸರೇ 'ಯಾರು', ಇನ್ನೊಬ್ಬನ ಹೆಸರು 'ಏನು', ಮತ್ತೊಬ್ಬನದು 'ನಂಗೊತ್ತಿಲ್ಲ'. 'ಅಲ್ಲಿ ಆಡೋದು ಯಾರು?' ಅಂತ ಒಬ್ಬ ಕೇಳಿದರೆ ಇನ್ನೊಬ್ಬ ತಣ್ಣಗೆ 'ಹೌದು' ಅನ್ನುತ್ತಾನೆ. 1938ರಲ್ಲಿ ರೇಡಿಯೋದಲ್ಲಿ ಇಡೀ ಅಮೆರಿಕಕ್ಕೆ ಕೇಳಿಸಿದ ಆ ಸಂಭಾಷಣೆಯ ಧ್ವನಿಮುದ್ರಿಕೆ 1956ರಿಂದ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿದೆ. ಅಪ್ಪಟ ಗಡಿಯಾರದ ಕೆಲಸ ಅದು, ಒಂದು ಹಲ್ಲೂ ಆಚೀಚೆ ಇಲ್ಲ. ಆದರೆ ಅದು ಜಗಳ. ಒಬ್ಬನಿಗೆ ಸಿಟ್ಟು ಏರುತ್ತಾ ಹೋಗುತ್ತದೆ. ರಾಯ್-ಎಚ್.ಜಿ. ಥರದ ಜೋಡಿಯಲ್ಲಿ ಜಗಳವೇ ಇಲ್ಲ. ಇಬ್ಬರೂ ಪೆದ್ದರು, ಇಬ್ಬರೂ ಮಹಾಗಂಭೀರ, ಇಬ್ಬರೂ ಒಬ್ಬರಿಗೊಬ್ಬರು 'ಸರಿಯಾಗಿ ಹೇಳಿದಿರಿ' ಅನ್ನುತ್ತಾರೆ. ಸುಳ್ಳಿಗೆ ಸಾಕ್ಷಿ ಸಿಕ್ಕಿದ ಹಾಗೆ. ಒಬ್ಬನೇ ಕೂತು ಬಡಾಯಿ ಕೊಚ್ಚಿದರೆ ಅವನು ಬಡಾಯಿಗಾರ. ಪಕ್ಕದಲ್ಲಿ ಇನ್ನೊಬ್ಬ ತಲೆ ಆಡಿಸಿದರೆ ಅದು ಕ್ರೀಡಾ ವಿಶ್ಲೇಷಣೆ.

ನಗಬಾರದು ಅನ್ನೋ ನಿಯಮ ಎಷ್ಟು ಗಟ್ಟಿ ಅಂತ ತಿಳಿಯೋಕೆ ತದ್ವಿರುದ್ಧ ಉದಾಹರಣೆ ನೋಡಿ. 1991ರ ಆಗಸ್ಟ್, ಓವಲ್ ಮೈದಾನ, ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ಟೆಸ್ಟ್. ಕರ್ಟ್ಲಿ ಆಂಬ್ರೋಸ್ ಬೌಲಿಂಗ್‌ನಲ್ಲಿ ಇಯಾನ್ ಬೋಥಮ್ ತೂಕ ತಪ್ಪಿ, ಸ್ಟಂಪ್ ದಾಟೋಕೆ ಹೋಗಿ, ಬೇಲ್ ಬೀಳಿಸಿ ಹಿಟ್ ವಿಕೆಟ್ ಆದರು. ದಿನದ ಆಟ ಮುಗಿದ ಮೇಲೆ ಬಿಬಿಸಿ ರೇಡಿಯೋದಲ್ಲಿ ಜೊನಾಥನ್ ಆ್ಯಗ್ನ್ಯೂ, ಬೋಥಮ್‌ಗೆ ಕಾಲು ದಾಟಿಸೋಕೆ ಆಗಲಿಲ್ಲ ಅನ್ನೋ ಅರ್ಥದ ಮಾತು ಹೇಳಿದರು. ಇಂಗ್ಲಿಷ್‌ನಲ್ಲಿ ಆ ಮಾತಿಗೆ ಮಲಗುವ ಕೋಣೆಯ ಅರ್ಥವೂ ಇದೆ. ಪಕ್ಕದಲ್ಲಿದ್ದ ಹಿರಿಯರು ಬ್ರಯಾನ್ ಜಾನ್‌ಸ್ಟನ್. ಅವರು ಸ್ಕೋರು ಓದುತ್ತಾ ಹೋದರು, ಒಂದೆರಡು ವಾಕ್ಯ ತಡೆದರು, ಆಮೇಲೆ ದನಿ ಕೀರಲಾಯಿತು, ಉಸಿರು ಕಟ್ಟಿತು. ಸುಮಾರು ಹೊತ್ತು ಪ್ರಸಾರದಲ್ಲಿ ಕೇಳಿಸಿದ್ದು ಒಬ್ಬ ಮುದುಕರ ಬಿಕ್ಕು ಮಾತ್ರ. ಎಷ್ಟು ಸಲ ಕೇಳಿದರೂ ನನಗೆ ನಗು ಬರುತ್ತದೆ. ಆದರೆ ಅದು ಅಣಕವಲ್ಲ, ಅಪಘಾತ. ಅಲ್ಲಿ ನಗು ಬರೋದು ನಿಜವಾದ ಗಂಭೀರ ಕಾಮೆಂಟರಿ ಕುಸಿದು ಬಿದ್ದದ್ದಕ್ಕೆ. ನೀವು ಮಾಡಬೇಕಿರೋದು ಅದರ ತಲೆಕೆಳಗು: ಮಾತು ಮೊದಲೇ ಕುಸಿದಿರಬೇಕು, ದನಿ ಮಾತ್ರ ಅಲ್ಲಾಡಬಾರದು.

ಈ ಗಂಭೀರ ಅಣಕ ಕೆಲವೊಮ್ಮೆ ನಿಜವಾದ ಆಟದೊಳಗೇ ನುಗ್ಗಿಬಿಡುತ್ತದೆ. ಆಸ್ಟ್ರೇಲಿಯಾದಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ನಡುವೆ ಸ್ಟೇಟ್ ಆಫ್ ಒರಿಜಿನ್ ರಗ್ಬಿ ಲೀಗ್ ಪಂದ್ಯ ನಡೆದರೆ ಎಷ್ಟೋ ಜನ ಟಿವಿಯ ದನಿ ಇಳಿಸಿ, ರೇಡಿಯೋದಲ್ಲಿ ರಾಯ್-ಎಚ್.ಜಿ. ಹಾಕಿಕೊಳ್ಳುತ್ತಿದ್ದರು. ಚಿತ್ರ ನಿಜದ್ದು, ಮಾತು ಇವರದು. ಅಗಲ ಮೈಯ ಆಟಗಾರ ಗ್ಲೆನ್ ಲಜಾರಸ್ ಇವರ ಬಾಯಲ್ಲಿ 'ಕಣ್ಣಿರುವ ಇಟ್ಟಿಗೆ'. ಲಜಾರಸ್ ಮುಂದೆ ಸೆನೆಟರ್ ಆದಾಗಲೂ ಆ ಹೆಸರು ಬೆನ್ನು ಬಿಡಲಿಲ್ಲ.

ಇನ್ನು ಫ್ಯಾಟ್ಸೋ. ಸಿಡ್ನಿ ಒಲಿಂಪಿಕ್ಸ್‌ಗೆ ಅಧಿಕೃತ ಲಾಂಛನ ಪ್ರಾಣಿಗಳು ಮೂರಿದ್ದವು: ಸಿಡ್ ಅನ್ನೋ ಪ್ಲಾಟಿಪಸ್, ಓಲಿ ಅನ್ನೋ ಕೂಕಬರ‍್ರಾ ಹಕ್ಕಿ, ಮಿಲಿ ಅನ್ನೋ ಮುಳ್ಳಿನ ಎಕಿಡ್ನಾ. ಮುದ್ದಾಗಿ, ಎಣ್ಣೆ ಹಚ್ಚಿ ಬಾಚಿದ ಹಾಗೆ. ಗೊಂಬೆ ಮಾರೋಕೆ ಮಾಡಿದ್ದು ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ರಾಯ್ ಮತ್ತು ಎಚ್.ಜಿ. ತಮ್ಮದೇ ಒಂದು ಪ್ರಾಣಿ ತಂದರು: ದಪ್ಪ ಅಂಡಿನ ವೊಂಬ್ಯಾಟ್, ಹೆಸರು ಫ್ಯಾಟ್ಸೋ. ಜನ ಅಧಿಕೃತ ಮೂರನ್ನೂ ಬಿಟ್ಟು ಇದಕ್ಕೆ ಮನಸೋತರು. ಆಸ್ಟ್ರೇಲಿಯಾದ ಈಜುಗಾರರು ಪದಕ ತೆಗೆದುಕೊಳ್ಳುವಾಗ ಫ್ಯಾಟ್ಸೋವನ್ನು ಜೊತೆಗೆ ಒಯ್ದರು. ಕ್ರೀಡಾಪಟುಗಳು ಅದನ್ನು ಹಿಡಿದು ಕಾಣಿಸಿಕೊಳ್ಳಬಾರದು ಅಂತ ಒಲಿಂಪಿಕ್ ಅಧಿಕಾರಿಗಳು ತಡೆಯೊಡ್ಡಿದ್ದಾರೆ ಅನ್ನೋ ಸುದ್ದಿ ಬಂದದ್ದೇ ತಡ, ದೊಡ್ಡ ರಂಪವಾಯಿತು. ಇದಕ್ಕಿಂತ ಒಳ್ಳೆ ಪ್ರಚಾರ ಬೇಕಾ? ಕ್ರೀಡಾಕೂಟ ಮುಗಿದ ಮೇಲೆ ಆ ಗೊಂಬೆ ಸಹಾಯಾರ್ಥ ಹರಾಜಿನಲ್ಲಿ 80 ಸಾವಿರ ಆಸ್ಟ್ರೇಲಿಯನ್ ಡಾಲರಿಗೂ ಜಾಸ್ತಿ ಬೆಲೆಗೆ ಹೋಯಿತು. ಕೊಂಡವರು ಸೆವೆನ್ ಚಾನೆಲ್‌ನ ಮುಖ್ಯಸ್ಥರಾಗಿದ್ದ ಕೆರಿ ಸ್ಟೋಕ್ಸ್. ಒಲಿಂಪಿಕ್ ಸ್ಟೇಡಿಯಂ ಹೊರಗೆ ಕಂಬದ ಮೇಲೆ ಒಂದು ಪುಟ್ಟ ಫ್ಯಾಟ್ಸೋ ಪ್ರತಿಮೆಯನ್ನೂ ಇಟ್ಟಿದ್ದರು. 2010ರಲ್ಲಿ ಅದನ್ನು ಯಾರೋ ಕದ್ದುಕೊಂಡು ಹೋದರು. ಕದ್ದವರ ಅಭಿರುಚಿಯನ್ನು ಮೆಚ್ಚಬೇಕು.

2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ಗೂ ಇವರ ಕಾರ್ಯಕ್ರಮ ಇತ್ತು. ಅಲ್ಲಿ 2010ರ ಕೂಟವನ್ನು ಸ್ಮಿಗಿನ್ ಹೋಲ್ಸ್‌ಗೆ ಕೊಡಿ ಅಂತ ಪ್ರಚಾರ ಹಚ್ಚಿದರು. ಅದು ನ್ಯೂ ಸೌತ್ ವೇಲ್ಸ್‌ನ ಹಿಮದ ಬೆಟ್ಟಗಳಲ್ಲಿರುವ ಒಂದು ಪುಟ್ಟ ಸ್ಕೀ ತಾಣ. ಅದೇ ಕೂಟದಲ್ಲಿ ಆಸ್ಟ್ರೇಲಿಯಾದ ಸ್ಟೀವನ್ ಬ್ರಾಡ್‌ಬರಿ 1000 ಮೀಟರ್ ಶಾರ್ಟ್ ಟ್ರ್ಯಾಕ್ ಸ್ಕೇಟಿಂಗ್ ಫೈನಲ್‌ನಲ್ಲಿ ಎಲ್ಲರಿಗಿಂತ ಹಿಂದೆ ಇದ್ದರು. ಕೊನೆಯ ತಿರುವಿನಲ್ಲಿ ಮುಂದಿದ್ದ ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದರು. ಬ್ರಾಡ್‌ಬರಿ ಆರಾಮಾಗಿ ಬಂದು ಚಿನ್ನ ಗೆದ್ದರು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅವರ ದೇಶಕ್ಕೆ ಅದೇ ಮೊದಲ ಚಿನ್ನ. ಇದನ್ನು ಸ್ಕ್ರಿಪ್ಟ್‌ನಲ್ಲಿ ಬರೆದುಕೊಂಡು ಬಂದಿದ್ದರೆ 'ಅತಿಯಾಯಿತು, ತೆಗೀರಿ' ಅನ್ನುತ್ತಿದ್ದೆ.

ಆಸ್ಟ್ರೇಲಿಯಾದ ಇನ್ನೊಂದು ಜೋಡಿ ಜಾನ್ ಕ್ಲಾರ್ಕ್ ಮತ್ತು ಬ್ರಯಾನ್ ಡಾ. ನನಗೆ ಇವರೇ ಜಾಸ್ತಿ ಇಷ್ಟ, ಪಕ್ಷಪಾತ ಇದ್ದರೆ ಇರಲಿ. ಕ್ಲಾರ್ಕ್ 1980ರ ದಶಕದ ಟಿವಿಯಲ್ಲಿ ಒಬ್ಬರೇ ಕೂತು 'ಫಾರ್ನಾರ್ಕಲಿಂಗ್' ಅನ್ನೋ ಇಲ್ಲದ ಆಟದ ವರದಿ ಓದುತ್ತಿದ್ದರು. ಆ ಆಟದ ಒಂದು ನಿಯಮವೂ ಅರ್ಥವಾಗೋದಿಲ್ಲ. ಆದರೂ ಡೇವ್ ಸೊರೆನ್ಸನ್ ಅನ್ನೋ ಆಟಗಾರನಿಗೆ ಮತ್ತೆ ಗಾಯವಾಯಿತು ಅಂದಾಗ ಕೇಳುವವರಿಗೆ ಅಯ್ಯೋ ಅನ್ನಿಸುತ್ತಿತ್ತು. ಡಾ ಜೊತೆ ಅವರು ಮಾಡುತ್ತಿದ್ದದ್ದು ಸಂದರ್ಶನ. ಡಾ ಕೇಳುತ್ತಾರೆ, ಕ್ಲಾರ್ಕ್ ಮಂತ್ರಿಯೋ ಅಧಿಕಾರಿಯೋ ಆಗಿ ಉತ್ತರಿಸುತ್ತಾರೆ. ವೇಷ ಇಲ್ಲ, ದನಿ ಅನುಕರಣೆ ಇಲ್ಲ. ಅದೇ ಕೋಟು, ಅದೇ ಮುಖ.

ಸಿಡ್ನಿ ಒಲಿಂಪಿಕ್ಸ್‌ಗೆ ಮುಂಚೆ, 1998 ಮತ್ತು 2000ದಲ್ಲಿ, ಇವರಿಬ್ಬರೂ ಗೀನಾ ರೈಲಿ ಜೊತೆ ಎಬಿಸಿ ಟಿವಿಯಲ್ಲಿ 'ದಿ ಗೇಮ್ಸ್' ಮಾಡಿದರು. ಒಲಿಂಪಿಕ್ಸ್ ಸಂಘಟಕರ ಕಚೇರಿಯ ನಕಲಿ ಸಾಕ್ಷ್ಯಚಿತ್ರ. ಅದರಲ್ಲೊಂದು ಕಡೆ 100 ಮೀಟರ್ ಓಟದ ಟ್ರ್ಯಾಕ್ 100 ಮೀಟರ್ ಇಲ್ಲ ಅಂತ ಪತ್ತೆಯಾಗುತ್ತದೆ. ಕಟ್ಟಿಸಿದವನು ಒಂದಿಷ್ಟೂ ಅಳುಕದೆ ಅದನ್ನು ಸಮರ್ಥಿಸಿಕೊಳ್ಳುತ್ತಾನೆ. ಇನ್ನೊಂದು ಕಡೆ ಜಾನ್ ಹೋವರ್ಡ್ ಅನ್ನೋ ನಟ ಕ್ಯಾಮೆರಾ ಮುಂದೆ ನಿಂತು, ಹಿಂದೆ ಆದ ಅನ್ಯಾಯಕ್ಕೆ ಮೂಲನಿವಾಸಿಗಳ ಕ್ಷಮೆ ಕೇಳುತ್ತಾರೆ. ಆಗ ಅದೇ ಹೆಸರಿನ ಪ್ರಧಾನಿ ಇದ್ದರು, ಕ್ಷಮೆ ಕೇಳೋಕೆ ಅವರು ಒಪ್ಪಿರಲಿಲ್ಲ. ಸಂಸತ್ತಿನಲ್ಲಿ ನಿಜವಾದ ಕ್ಷಮೆ ಬಂದದ್ದು 2008ರಲ್ಲಿ, ಬೇರೆ ಪ್ರಧಾನಿಯಿಂದ. ಆ ದೃಶ್ಯದಲ್ಲಿ ಜೋಕೇ ಇಲ್ಲ. ಹೆಸರೊಂದೇ ಜೋಕು.

ಸ್ಕಾಟ್ಲೆಂಡ್‌ನ ಒಂದು ಜೋಡಿಯಿಂದ ನೀವು ಕಲಿಯಬಹುದಾದ ಒಂದು ಉಪಾಯ ಇದೆ. ಸ್ಟುವರ್ಟ್ ಕಾಸ್‌ಗ್ರೋವ್ ಮತ್ತು ಟ್ಯಾಮ್ ಕೋವನ್ 1994ರಿಂದ ಬಿಬಿಸಿ ರೇಡಿಯೋ ಸ್ಕಾಟ್ಲೆಂಡ್‌ನಲ್ಲಿ ಫುಟ್‌ಬಾಲ್ ಬಗ್ಗೆ ಹರಟುತ್ತಾ ಬಂದವರು. ಅವರ ಕಾರ್ಯಕ್ರಮ ತನ್ನನ್ನು ತಾನೇ ರೇಡಿಯೋದ ಅತಿ ಕ್ಷುಲ್ಲಕ, ಏನೂ ತಿಳಿಯದ ಕ್ರೀಡಾ ಕಾರ್ಯಕ್ರಮ ಅಂತ ಕರೆದುಕೊಳ್ಳುತ್ತದೆ. ಒಬ್ಬರು ಸೇಂಟ್ ಜಾನ್‌ಸ್ಟನ್ ಅಭಿಮಾನಿ, ಇನ್ನೊಬ್ಬರು ಮದರ್‌ವೆಲ್. ಸೆಲ್ಟಿಕ್ಕೂ ಅಲ್ಲ, ರೇಂಜರ್ಸೂ ಅಲ್ಲ. ಎರಡು ದೊಡ್ಡ ಕ್ಲಬ್ಬುಗಳ ಜಗಳದಲ್ಲಿ ಇವರಿಗೆ ಪಾಲಿಲ್ಲ, ಹಾಗಾಗಿ ಇಬ್ಬರನ್ನೂ ಕಿಚಾಯಿಸಬಹುದು. ಸಣ್ಣ ತಂಡದ ಅಭಿಮಾನಿಯಾಗಿರೋದರಲ್ಲಿ ಇಷ್ಟಾದರೂ ಲಾಭ ಇರಲಿ, ಅಲ್ವಾ?

ಎಡವಿದ ಕಥೆಯನ್ನೂ ಹೇಳಬೇಕು. ಇಂಗ್ಲೆಂಡ್‌ನ ಫ್ರ್ಯಾಂಕ್ ಸ್ಕಿನ್ನರ್ ಮತ್ತು ಡೇವಿಡ್ ಬಡೀಲ್ 1994ರಿಂದ ಬಿಬಿಸಿಯಲ್ಲಿ ಒಂದು ಫುಟ್‌ಬಾಲ್ ಹಾಸ್ಯ ಕಾರ್ಯಕ್ರಮ ನಡೆಸಿದರು. ಸೋಫಾದ ಮೇಲೆ ಇಬ್ಬರು ಗೆಳೆಯರು, ಬಹಳ ಜನಪ್ರಿಯ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡದ ಜೇಸನ್ ಲೀ ಅನ್ನೋ ಕಪ್ಪು ವರ್ಣದ ಆಟಗಾರನ ಕೂದಲನ್ನು ಅವರು ವಾರವಾರವೂ ಆಡಿಕೊಂಡರು. ಬಡೀಲ್ ಮುಖಕ್ಕೆ ಕಪ್ಪು ಬಳಿದುಕೊಂಡು, ತಲೆ ಮೇಲೆ ಅನಾನಸ್ ಇಟ್ಟುಕೊಂಡು ಬಂದರು. ಮೈದಾನದಲ್ಲಿ ಜನ ಅದನ್ನೇ ಹಾಡತೊಡಗಿದರು. ಲೀ ಮತ್ತು ಅವರ ಮನೆಯವರು ಅದನ್ನು ಎಷ್ಟೋ ವರ್ಷ ಅನುಭವಿಸಬೇಕಾಯಿತು. 2022ರಲ್ಲಿ ಬಡೀಲ್ ಖುದ್ದಾಗಿ ಲೀ ಅವರ ಎದುರು ಕೂತು ಕ್ಷಮೆ ಕೇಳಿದರು. ಅಲ್ಲಿ ಆಗಿದ್ದು ಇದು: ಗುರಿ ಮಾತಿನಿಂದ ಮೈಗೆ ಜಾರಿತು. ರಾಯ್-ಎಚ್.ಜಿ. ಕೂಡ ಕೆಲವೊಮ್ಮೆ ಆಟಗಾರರ ಮೈ ಬಗ್ಗೆ ಆಡಿದ್ದಿದೆ. ಅವರ ಎಲ್ಲ ಜೋಕೂ ನನಗೆ ಒಗ್ಗೋದಿಲ್ಲ.

ಈಗ ನಿಮ್ಮ ಕಾರ್ಯಕ್ರಮ. ಮೊದಲು ಅರ್ಧ ಗಂಟೆ ಕಣ್ಣು ಮುಚ್ಚಿ ನಿಜವಾದ ಕಾಮೆಂಟರಿ ಕೇಳಿ. ಚೆಂಡು ಎಸೆದಾಗಿನ ಮಾತು ಬೇಡ, ಮಧ್ಯದ ಮಾತು ಬರೆದುಕೊಳ್ಳಿ. 'ಇಲ್ಲಿಂದ ಪಂದ್ಯ ಯಾವ ಕಡೆಗೆ ಬೇಕಾದರೂ ತಿರುಗಬಹುದು.' 'ಒತ್ತಡ ಅವರ ಮೇಲಿದೆ.' 'ಅನುಭವಕ್ಕೆ ಬೆಲೆ ಕಟ್ಟೋಕಾಗಲ್ಲ.' ಇಂಥ ಇಪ್ಪತ್ತು ವಾಕ್ಯ ಸಿಕ್ಕರೆ ನಿಮ್ಮ ಸಾಮಾನು ಸಿದ್ಧ. ಆಮೇಲೆ ಅವನ್ನು ಆಟವಲ್ಲದ ಯಾವುದರ ಮೇಲಾದರೂ ಇಟ್ಟು ನೋಡಿ. ಉದಾಹರಣೆಗೆ, ಮಳೆ ಬಂದು ಮೈದಾನಕ್ಕೆ ಕವರ್ ಎಳೆಯುತ್ತಿದ್ದಾರೆ ಅಂದುಕೊಳ್ಳಿ:

'ಎಡತುದಿಯಲ್ಲಿ ನೀಲಿ ರೇನ್‌ಕೋಟ್. ಹಗ್ಗ ಕೈಗೆ ಬಂದಿದೆ.'

'ಇವರನ್ನು ಬಹಳ ವರ್ಷದಿಂದ ನೋಡುತ್ತಿದ್ದೇನೆ. ಒದ್ದೆ ನೆಲದ ಮೇಲೆ ಇವರಿಗಿಂತ ಚೆನ್ನಾಗಿ ಎಳೆಯುವವರು ಇಲ್ಲ.'

'ಒಣ ನೆಲದ ಮೇಲೆ?'

'ಒಣ ನೆಲದ ಮೇಲೆ ಇವರಿಗೆ ಇನ್ನೂ ಅವಕಾಶ ಸಿಕ್ಕಿಲ್ಲ.'

'ಆಯ್ಕೆದಾರರು ಗಮನಿಸಬೇಕು.'

'ಗಮನಿಸಬೇಕು. ಆದರೆ ಬಲತುದಿಯವರನ್ನು ನೋಡಿ, ಹಗ್ಗ ಹಿಡಿಯೋ ರೀತಿ ಬದಲಾಯಿಸಿಕೊಂಡಿದ್ದಾರೆ. ಹೋದ ಮಳೆಯಲ್ಲೇ ಬೇಡ ಅಂದಿದ್ದೆ.'

ಮಹಾ ಜೋಕೇನಲ್ಲ, ಹತ್ತು ನಿಮಿಷದಲ್ಲಿ ಬರೆದದ್ದು. ಆದರೆ ಎರಡು ವಿಷಯ ನೋಡಿ. 'ಒಣ ನೆಲ' ಅಂದಮೇಲೆ ಇಬ್ಬರೂ ಅಲ್ಲಿ ನಿಲ್ಲಲಿಲ್ಲ. 'ಮಳೆಯಿಲ್ಲದಿದ್ದರೆ ಕವರ್ ಯಾಕ್ರೀ ಎಳೀತಾರೆ' ಅಂತ ಒಬ್ಬರು ಬಿಡಿಸಿ ಹೇಳಿದ್ದರೆ ಅಲ್ಲಿಗೆ ಸತ್ತಿತ್ತು. ಇನ್ನೊಂದು, ಕವರ್ ಎಳೆಯುವವರನ್ನು ಯಾರೂ ಕೀಳಾಗಿ ಕಾಣಲಿಲ್ಲ. ಅವರಿಗೆ ತಾರಾ ಆಟಗಾರರಿಗೆ ಸಿಗುವ ಮರ್ಯಾದೆಯೇ ಸಿಕ್ಕಿತು. ನಗು ಬಂದರೆ ಅದು ಆ ಮರ್ಯಾದೆಯ ಭಾಷೆಗೆ ಬಂದ ನಗು.

ಪೂರ್ತಿ ಸ್ಕ್ರಿಪ್ಟ್ ಬರೆದುಕೊಂಡು ಓದಬೇಡಿ. ಓದುವ ದನಿ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ನಾಲ್ಕು ಸಾಲು ಗುರುತು ಹಾಕಿಕೊಂಡು ಕೂತುಕೊಳ್ಳಿ, ಒಂದು ಗಂಟೆ ಮಾತಾಡಿ, ಹನ್ನೆರಡು ನಿಮಿಷ ಉಳಿಸಿಕೊಳ್ಳಿ. ಯಾರು ಯಾವ ಪಾತ್ರ ಅಂತ ಮೊದಲೇ ಜಗಳ ಬೇಡ. ಮೊದಲ ರೆಕಾರ್ಡಿಂಗ್ ಕೇಳಿ. ಯಾರಿಗೆ ಮೊದಲು ನಗು ತಡೆಯಲಾಗದೆ ಹೋಗಿದೆಯೋ ಅವರು ಎಚ್.ಜಿ. ಆಗಲಿ. ಕೂಗಿ ಮಾತಾಡುವವರ ನಗು ಕೂಗಿನಲ್ಲೇ ಮುಚ್ಚಿಹೋಗುತ್ತದೆ, ಯಾರಿಗೂ ಗೊತ್ತಾಗೋದಿಲ್ಲ.